ಷೇರು ಪೇಟೆಯ ಮೊದಲ ದಿನವೇ ಕಂಪನಿಗಳು ಯಾಕೆ ಮುಗ್ಗರಿಸುತ್ತವೆ?

ಎಲ್ಲರಿಗೂ ನಮಸ್ಕಾರ.

2021ರ ನವೆಂಬರ್ 18ರಂದು ಪೇಟಿಎಂ ಷೇರು ಪೇಟೆಗೆ ಬಂತು. ಅದಕ್ಕೂ ಮೊದಲು ಐಪಿಒದಲ್ಲಿ, ಅಂದರೆ ಕಂಪನಿಯ ಷೇರನ್ನು ಮೊದಲ ಸಲ ಜನರಿಗೆ ಮಾರಿದಾಗ, ಜನ ಒಂದು ಷೇರಿಗೆ 2,150 ರೂಪಾಯಿ ಕೊಟ್ಟಿದ್ದರು. ಬೆಳಿಗ್ಗೆ ವಹಿವಾಟು ಶುರುವಾಗಿದ್ದೇ 1,950ರ ಆಸುಪಾಸಿನಲ್ಲಿ. ಮಧ್ಯಾಹ್ನ ಮೂರೂವರೆಗೆ ಪೇಟೆ ಮುಚ್ಚುವಾಗ ಬೆಲೆ 1,564 ರೂಪಾಯಿ ಆಗಿತ್ತು. ಒಂದೇ ದಿನದಲ್ಲಿ ಶೇ 27ರಷ್ಟು ಕರಗಿಹೋಯಿತು. ಕನಿಷ್ಠ ಒಂದು ಲಾಟ್‌ಗೆ ಅರ್ಜಿ ಹಾಕಬೇಕಿತ್ತು, ಅಂದರೆ 6 ಷೇರು, 12,900 ರೂಪಾಯಿ. ಅಷ್ಟು ಹಾಕಿದವರ ಕೈಯಲ್ಲಿ ಆ ಮಧ್ಯಾಹ್ನ ಉಳಿದದ್ದು 9,384 ರೂಪಾಯಿಯ ಷೇರು.

ಆ ದಿನ ತುಂಬಾ ಜನರಿಗೆ ನೋವಾಯಿತು. ಕೋವಿಡ್ ಕಾಲದಲ್ಲಿ ಮನೆಯಲ್ಲಿದ್ದಾಗ ಮೊದಲ ಸಲ ಡಿಮ್ಯಾಟ್, ಅಂದರೆ ಷೇರು ಇಡುವ ಖಾತೆ ತೆರೆದವರು ಅದರಲ್ಲಿ ಬಹಳಷ್ಟಿದ್ದರು. ದಿನಾ ಬಳಸುವ ಆ್ಯಪ್, ಅಂಗಡಿ ಅಂಗಡಿಯಲ್ಲಿ ಕಾಣುವ ಹೆಸರು, ಇದು ಬೀಳುತ್ತದಾ ಎಂಬ ನಂಬಿಕೆ ಅವರದು. ಬಿದ್ದಾಗ ಕೇಳಿಬಂದ ಮಾತು ಒಂದೇ: 'ಮಾರ್ಕೆಟ್ ಸರಿ ಇರಲಿಲ್ಲ.' ಇವತ್ತು ನಾನು ಮಾತಾಡಬೇಕು ಅಂತ ಬಂದಿರುವುದು ಈ ಮಾತಿನ ಬಗ್ಗೆಯೇ. ನನ್ನ ಪ್ರಕಾರ, ಮೊದಲ ದಿನ ಬೀಳುವ ಬಹುತೇಕ ಷೇರುಗಳು ಬೀಳುವುದು ಆ ದಿನದ ಪೇಟೆಯಿಂದಲ್ಲ. ವಾರಗಟ್ಟಲೆ ಮೊದಲು, ಒಂದು ಕೋಣೆಯಲ್ಲಿ ಕೂತು ಬೆಲೆ ನಿಗದಿ ಮಾಡಿದಾಗಲೇ ಅದು ತೀರ್ಮಾನವಾಗಿರುತ್ತದೆ.

ಪೇಟಿಎಂ ಉದಾಹರಣೆಯನ್ನೇ ನೋಡಿ. ಅದಕ್ಕೆ ಎಂಟು ದಿನ ಮೊದಲು, ನವೆಂಬರ್ 10ರಂದು, ಸೌಂದರ್ಯ ಸಾಧನ ಮಾರುವ ನೈಕಾ ಷೇರು ಪೇಟೆಗೆ ಬಂದಿತ್ತು. 1,125 ರೂಪಾಯಿಗೆ ಕೊಟ್ಟ ಷೇರು ಮೊದಲ ದಿನವೇ ಹೆಚ್ಚುಕಡಿಮೆ ಎರಡರಷ್ಟಾಯಿತು. ಅದೇ ತಿಂಗಳು, ಅದೇ ಪೇಟೆ, ಅದೇ ಜನ. ಇನ್ನು ಕೆಲವರು 'ಪೇಟಿಎಂ ನಷ್ಟದಲ್ಲಿತ್ತಲ್ಲ, ಅದಕ್ಕೇ ಬಿತ್ತು' ಅಂದರು. ಅದೂ ಪೂರ್ತಿ ಸರಿಯಲ್ಲ. ಅದೇ ವರ್ಷದ ಜುಲೈನಲ್ಲಿ ಬಂದ ಜೊಮ್ಯಾಟೊ ಕೂಡ ಆಗ ನಷ್ಟದ ಕಂಪನಿಯೇ ಆಗಿತ್ತು. 76 ರೂಪಾಯಿಯ ಆ ಷೇರು 115ರ ಹತ್ತಿರ ವಹಿವಾಟು ಶುರುಮಾಡಿತ್ತು. ಹಾಗಾದರೆ ಪೇಟಿಎಂ ಒಂದೇ ಯಾಕೆ ಬಿತ್ತು?

ಕೇಳಿದ ಬೆಲೆ ನೋಡಿ, ಗೊತ್ತಾಗುತ್ತದೆ. 2,150ರ ಲೆಕ್ಕದಲ್ಲಿ ಇಡೀ ಕಂಪನಿಯ ಬೆಲೆ ಸುಮಾರು 1.39 ಲಕ್ಷ ಕೋಟಿ ರೂಪಾಯಿ. 2020-21ರಲ್ಲಿ ಅದರ ವ್ಯವಹಾರದ ಆದಾಯ ಸುಮಾರು 2,800 ಕೋಟಿ, ನಷ್ಟ 1,700 ಕೋಟಿ. ಅಂದರೆ ಲಾಭದ ಮಾತು ಬಿಡಿ, ವರ್ಷದ ಆದಾಯಕ್ಕೇ ಹತ್ತಿರ ಹತ್ತಿರ 50 ಪಟ್ಟು ಬೆಲೆ. ಅದರ ಮೇಲೆ, ಐಪಿಒ ತೆರೆಯುವ ಸ್ವಲ್ಪ ದಿನ ಮೊದಲು ಗಾತ್ರವನ್ನು 16,600 ಕೋಟಿಯಿಂದ 18,300 ಕೋಟಿಗೆ ಏರಿಸಿದರು. ಅಲ್ಲಿಯವರೆಗೆ ದೇಶದಲ್ಲಿ ಅಷ್ಟು ದೊಡ್ಡ ಐಪಿಒ ಆಗಿರಲಿಲ್ಲ. ಏರಿಸಿದ ಆ 1,700 ಕೋಟಿ ಕಂಪನಿಯ ಖಜಾನೆಗೆ ಹೋಗುವಂಥದ್ದಲ್ಲ. ಹಳೆಯ ಹೂಡಿಕೆದಾರರು ಇನ್ನಷ್ಟು ಷೇರು ಮಾರುವುದಕ್ಕಾಗಿ ಏರಿಸಿದ್ದು.

ಬೇಡಿಕೆ ಹೇಗಿತ್ತು? ಮಾರಾಟಕ್ಕಿಟ್ಟ ಷೇರುಗಳಲ್ಲಿ ಅರ್ಜಿ ಬಂದದ್ದು, ಐಪಿಒ ತೆರೆದ ಮೊದಲ ದಿನ ಶೇ 18ಕ್ಕೆ, ಎರಡನೇ ದಿನದ ಕೊನೆಗೆ ಶೇ 48ಕ್ಕೆ. ಮೂರನೇ ದಿನ ದೊಡ್ಡ ಸಂಸ್ಥೆಗಳು ಬಂದು ಒಟ್ಟು 1.89 ಪಟ್ಟು ಆಯಿತು. ಶ್ರೀಮಂತ ಹೂಡಿಕೆದಾರರಿಗೆ ಅಂತ ಇಟ್ಟ ಪಾಲು ಕಾಲು ಭಾಗವೂ ತುಂಬಲಿಲ್ಲ. ಈ ಅಂಕಿಗಳು ಯಾರಿಗೂ ಗುಟ್ಟಾಗಿರಲಿಲ್ಲ. ಷೇರು ವಿನಿಮಯ ಕೇಂದ್ರಗಳ ಜಾಲತಾಣದಲ್ಲಿ ಗಂಟೆಗಂಟೆಗೂ ಕಾಣುತ್ತಿದ್ದವು. ಇಷ್ಟು ನೀರಸ ಬೇಡಿಕೆ ಇದ್ದರೂ ಬೆಲೆ ನಿಂತದ್ದು ಮಾತ್ರ ಮಾರುವವರು ಹೇಳಿದ್ದ ಬೆಲೆಯ ಮಿತಿಯ ತುತ್ತತುದಿಯಲ್ಲಿ, 2,150ರಲ್ಲಿ.

ಇಲ್ಲಿ ಸ್ವಲ್ಪ ನಿಲ್ಲೋಣ. ಬೆಲೆ ನಿಗದಿಯಾಗುವ ರೀತಿ ಅರ್ಥವಾದರೆ ಉಳಿದದ್ದು ತಾನಾಗಿ ತಿಳಿಯುತ್ತದೆ.

ನಮ್ಮ ಶಿರಸಿ, ಶಿವಮೊಗ್ಗದ ಕಡೆ ಅಡಿಕೆ ಟೆಂಡರ್ ನೋಡಿದವರಿಗೆ ಗೊತ್ತಿರುತ್ತದೆ. ಬೆಳೆಗಾರ ಮಾಲು ಇಡುತ್ತಾನೆ, ದರ ಬರೆಯುವವರು ಕೊಳ್ಳುವ ವ್ಯಾಪಾರಿಗಳು. ದರ ಒಪ್ಪಿಗೆಯಾಗದಿದ್ದರೆ ಬೆಳೆಗಾರ ಕೊಡುವುದಿಲ್ಲ. ಐಪಿಒದಲ್ಲಿ ಇದು ತಿರುಗುಮುರುಗು. ದರ ಬರೆಯುವುದು ಮಾರುವವರು. ಕಂಪನಿ, ಅದರ ಹಳೆಯ ಹೂಡಿಕೆದಾರರು, ಐಪಿಒ ನಡೆಸಿಕೊಡಲು ಅವರು ನೇಮಿಸಿಕೊಂಡ ಮರ್ಚೆಂಟ್ ಬ್ಯಾಂಕರ್‌ಗಳು ಸೇರಿ ಒಂದು ಪ್ರೈಸ್ ಬ್ಯಾಂಡ್, ಅಂದರೆ ಇಷ್ಟರಿಂದ ಇಷ್ಟರವರೆಗೆ ಅನ್ನುವ ಬೆಲೆಯ ಮಿತಿ ಕೊಡುತ್ತಾರೆ. ನಾವು ಅದರೊಳಗೇ ಅರ್ಜಿ ಹಾಕಬೇಕು. ಮರ್ಚೆಂಟ್ ಬ್ಯಾಂಕರ್‌ಗಳಿಗೆ ಶುಲ್ಕ ಕೊಡುವುದು ಮಾರುವವರೇ. ಸಂಗ್ರಹವಾದ ಹಣ ಜಾಸ್ತಿಯಾದಷ್ಟೂ ಶುಲ್ಕವೂ ಜಾಸ್ತಿ. ಅವರು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಅವರ ಕೆಲಸ ಯಾರ ಪರವಾಗಿ ಅನ್ನುವುದನ್ನು ನಾವು ಮರೆಯಬಾರದು, ಅಷ್ಟೇ.

ಹೀಗೆ ಬೆಲೆ ನಿಗದಿ ಮಾಡುವುದಕ್ಕೆ ಬುಕ್ ಬಿಲ್ಡಿಂಗ್ ಅನ್ನುತ್ತಾರೆ. ಪುಸ್ತಕದಲ್ಲಿ ಓದಿದರೆ ಅದು ತುಂಬಾ ಚೆನ್ನಾಗಿದೆ. ಕೆಳಗಿನ ಬೆಲೆ, ಮೇಲಿನ ಬೆಲೆ ಎರಡನ್ನೂ ಇಟ್ಟು, ಕೊಳ್ಳುವವರು ಎಲ್ಲಿ ಹೆಚ್ಚು ಸೇರುತ್ತಾರೋ ಆ ಬೆಲೆ ಹಿಡಿಯುವುದು. ಆದರೆ ಪೇಟಿಎಂನ ಬ್ಯಾಂಡ್ ಎಷ್ಟಿತ್ತು ಗೊತ್ತೇ? 2,080ರಿಂದ 2,150. ಶೇ ಮೂರೂವರೆಯೂ ಇಲ್ಲ. ಕೆಳಗಿನ ಬೆಲೆಗೇ ಕೊಟ್ಟಿದ್ದರೂ ಮೊದಲ ದಿನದ ಪೆಟ್ಟು ಹೆಚ್ಚುಕಡಿಮೆ ಅಷ್ಟೇ ಇರುತ್ತಿತ್ತು. ಇಷ್ಟು ಇಕ್ಕಟ್ಟಿನಲ್ಲಿ ಪೇಟೆ ತನ್ನ ಬೆಲೆ ಹೇಳುವುದಾದರೂ ಹೇಗೆ? ಕಟ್-ಆಫ್, ಅಂದರೆ ಕೊನೆಗೆ ನಿಗದಿಯಾದ ಬೆಲೆ ಯಾವುದಾದರೂ ಸರಿ ಅಂತ ಟಿಕ್ ಹಾಕುವ ಸಣ್ಣ ಹೂಡಿಕೆದಾರರಿಗೆ ಆಯ್ಕೆ ಇರುವುದು ಎರಡೇ, ಬೇಕು ಅಥವಾ ಬೇಡ. ಷೇರು ಪೇಟೆಯ ಮೇಲ್ವಿಚಾರಣೆ ನಡೆಸುವ ಸೆಬಿ 2022ರಲ್ಲಿ ನಿಯಮ ಬದಲಿಸಿ, ಮೇಲಿನ ಬೆಲೆ ಕೆಳಗಿನದಕ್ಕಿಂತ ಕನಿಷ್ಠ ಶೇ 5ರಷ್ಟು ಹೆಚ್ಚಿರಲೇಬೇಕು ಅಂದಿತು. ಆಮೇಲೆ ಏನಾಯಿತು? ಎಲ್‌ಐಸಿ ಬ್ಯಾಂಡ್ 902ರಿಂದ 949, ಹ್ಯುಂಡೈ ಬ್ಯಾಂಡ್ 1,865ರಿಂದ 1,960. ಎರಡೂ ಶೇ 5ರ ಗೆರೆಯನ್ನು ಸ್ವಲ್ಪವೇ ದಾಟಿವೆ. ನನ್ನ ಅಭಿಪ್ರಾಯದಲ್ಲಿ ಇದು ಇನ್ನೂ ಅಗಲವಾಗಬೇಕು. ಬೆಲೆ ಕಂಡುಕೊಳ್ಳುವ ಕೆಲಸ ಐಪಿಒ ಒಳಗೆ ನಡೆಯದಿದ್ದರೆ ಅದು ಲಿಸ್ಟಿಂಗ್ ದಿನ, ಅಂದರೆ ಪೇಟೆಯಲ್ಲಿ ಷೇರಿನ ವಹಿವಾಟು ಶುರುವಾಗುವ ದಿನ, ನಡೆದೇ ನಡೆಯುತ್ತದೆ. ಆಗ ಆ ನಷ್ಟ ತುಂಬುವವರು ನಾವು.

ಸಭೆಯಲ್ಲಿ ಒಬ್ಬರು ಕೇಳಿದರು: 'ಸಾರ್, ಎಷ್ಟು ಪಟ್ಟು ಅರ್ಜಿ ಬಂದಿದೆ ಅಂತ ನೋಡಿದರೆ ಸಾಕಲ್ವಾ? ಜಾಸ್ತಿ ಪಟ್ಟು ಬಂದಿದ್ದರೆ ಷೇರು ಏರಲೇಬೇಕಲ್ಲ?'

ಅದಕ್ಕೆ ಉತ್ತರ ರಿಲಯನ್ಸ್ ಪವರ್. 2008ರ ಜನವರಿ 15ರಂದು ಆ ಐಪಿಒ ತೆರೆಯಿತು. ನಿಮಿಷದೊಳಗೆ ತುಂಬಿತು ಅಂತ ಆಗ ದೊಡ್ಡ ಸುದ್ದಿ. ಕೊನೆಗೆ 70 ಪಟ್ಟಿಗೂ ಹೆಚ್ಚು ಅರ್ಜಿ ಬಂತು. ಬೆಲೆ 450 ರೂಪಾಯಿ, ಸಣ್ಣವರಿಗೆ 20 ರೂಪಾಯಿ ರಿಯಾಯಿತಿ. ಆ ಹೊತ್ತಿಗೆ ಕಂಪನಿಯ ಒಂದು ವಿದ್ಯುತ್ ಸ್ಥಾವರವೂ ಓಡುತ್ತಿರಲಿಲ್ಲ, ಎಲ್ಲವೂ ಮುಂದೆ ಕಟ್ಟುವ ಯೋಜನೆಗಳು. ಐಪಿಒ ಮುಗಿದು ಕೆಲವೇ ದಿನಕ್ಕೆ, ಜನವರಿ 21ರಂದು, ಸೆನ್ಸೆಕ್ಸ್ ಒಂದೇ ದಿನ 1,408 ಅಂಶ ಕುಸಿಯಿತು. ಅಮೆರಿಕದ ಗೃಹಸಾಲದ ಬಿಕ್ಕಟ್ಟು ಇಲ್ಲಿಗೂ ಬಂದಿತ್ತು. ಫೆಬ್ರುವರಿ 11ರಂದು ಷೇರು ಲಿಸ್ಟ್ ಆದಾಗ ಮೊದಲ ಕೆಲವು ನಿಮಿಷ 547ರ ಹತ್ತಿರ ಇತ್ತು. ಸಂಜೆಗೆ 372 ರೂಪಾಯಿ ಚಿಲ್ಲರೆ.

ಇಲ್ಲಿ 'ಮಾರ್ಕೆಟ್ ಸರಿ ಇರಲಿಲ್ಲ' ಅನ್ನುವ ಮಾತಿನಲ್ಲಿ ನಿಜ ಇದೆ, ಅದನ್ನು ಒಪ್ಪುತ್ತೇನೆ. ಆ ಫೆಬ್ರುವರಿಯಲ್ಲೇ ವೋಕಾರ್ಟ್ ಹಾಸ್ಪಿಟಲ್ಸ್ ಮತ್ತು ಎಮ್ಮಾರ್ ಎಂಜಿಎಫ್ ಬೆಲೆ ಇಳಿಸಿದರೂ, ದಿನ ಮುಂದೆ ಹಾಕಿದರೂ ಜನ ಸಿಗದೆ ಐಪಿಒ ಹಿಂತೆಗೆದುಕೊಂಡವು. ಆದರೆ ಆ 70 ಪಟ್ಟು ಬೇಡಿಕೆ ಎಲ್ಲಿಂದ ಬಂದಿತ್ತು ಅನ್ನುವುದು ಮುಖ್ಯ. ಅದರಲ್ಲಿ ಬಹಳಷ್ಟು ಸಾಲದ ಹಣ. ಕೆಲವೇ ದಿನಕ್ಕೆ ಸಾಲ ತೆಗೆದು ದೊಡ್ಡ ಅರ್ಜಿ ಹಾಕುವುದು, ಲಿಸ್ಟ್ ಆದ ಬೆಳಿಗ್ಗೆಯೇ ಮಾರಿ ಸಾಲ ತೀರಿಸುವುದು. ಅವರು ಷೇರು ಇಟ್ಟುಕೊಳ್ಳಲು ಬಂದವರಲ್ಲ. ಮೊದಲ ದಿನ ಎಲ್ಲರೂ ಒಟ್ಟಿಗೆ ಮಾರಲು ನಿಂತರೆ ಕೊಳ್ಳುವವರು ಯಾರು? ಆಗಿನ ಬೇಡಿಕೆಯೇ ಲಿಸ್ಟಿಂಗ್ ದಿನದ ಮಾರಾಟವಾಗಿ ತಿರುಗಿ ಬಂತು. 2022ರ ಏಪ್ರಿಲ್‌ನಿಂದ ರಿಸರ್ವ್ ಬ್ಯಾಂಕ್, ಬ್ಯಾಂಕೇತರ ಹಣಕಾಸು ಸಂಸ್ಥೆಗಳು ಐಪಿಒಗಾಗಿ ಒಬ್ಬರಿಗೆ 1 ಕೋಟಿಗಿಂತ ಹೆಚ್ಚು ಸಾಲ ಕೊಡುವಂತಿಲ್ಲ ಅಂತ ಮಿತಿ ಹಾಕಿದೆ. ಅರ್ಜಿ ಮುಚ್ಚಿ ಮೂರನೇ ಕೆಲಸದ ದಿನಕ್ಕೆ ಲಿಸ್ಟ್ ಆಗಬೇಕು ಅನ್ನುವ ಸೆಬಿ ನಿಯಮವೂ 2023ರ ಡಿಸೆಂಬರ್‌ನಿಂದ ಕಡ್ಡಾಯ. ವಾರಗಟ್ಟಲೆ ಕಾಯುವಾಗ ಪೇಟೆಯೇ ಬದಲಾಗಿಬಿಡುವ ಅಪಾಯ ಇದರಿಂದ ಬಹಳ ಕಡಿಮೆಯಾಗಿದೆ. ಇದು ಒಳ್ಳೆಯ ಕೆಲಸ, ಮೆಚ್ಚಬೇಕು.

ಇನ್ನು, ಹಣ ಯಾರ ಕೈಗೆ ಹೋಗುತ್ತದೆ ಅನ್ನುವ ಪ್ರಶ್ನೆ. ಕಂಪನಿ ಹೊಸ ಷೇರು ಹೊರಡಿಸಿದರೆ ಹಣ ಕಂಪನಿಗೆ ಬರುತ್ತದೆ. ಆಫರ್ ಫಾರ್ ಸೇಲ್ ಆದರೆ, ಇರುವ ಷೇರನ್ನು ಹಳಬರು ಮಾರುತ್ತಾರೆ, ಹಣ ಅವರ ಜೇಬಿಗೆ. 2024ರ ಅಕ್ಟೋಬರ್‌ನಲ್ಲಿ ಬಂದ ಹ್ಯುಂಡೈ ಮೋಟಾರ್ ಇಂಡಿಯಾ ಐಪಿಒ 27,870 ಕೋಟಿ ರೂಪಾಯಿಯದು. ಅಷ್ಟೂ ಕೊರಿಯಾದ ಮಾತೃ ಕಂಪನಿಗೆ ಹೋಯಿತು, ಇಲ್ಲಿನ ಕಂಪನಿಗೆ ಒಂದು ರೂಪಾಯಿಯೂ ಇಲ್ಲ. ಸಣ್ಣ ಹೂಡಿಕೆದಾರರ ಪಾಲು ಅರ್ಧ ಮಾತ್ರ ತುಂಬಿತು. ಮೊದಲ ದಿನ ಷೇರು ಶೇ 7ರಷ್ಟು ಇಳಿದು 1,820ರ ಹತ್ತಿರ ನಿಂತಿತು. ಲಾಭದಲ್ಲಿರುವ, ರಸ್ತೆ ತುಂಬಾ ಕಾರು ಓಡುತ್ತಿರುವ ಕಂಪನಿ ಅದು!

ಹಾಗಂತ ಆಫರ್ ಫಾರ್ ಸೇಲ್ ಅಂದ ಕೂಡಲೇ ಓಡಿಹೋಗಬೇಕಾಗಿಲ್ಲ. 2019ರ ಐಆರ್‌ಸಿಟಿಸಿ ಐಪಿಒ ಕೂಡ ಪೂರ್ತಿ ಹಳೆಯ ಷೇರಿನ ಮಾರಾಟ, ಮಾರಿದ್ದು ಸರ್ಕಾರ. 320 ರೂಪಾಯಿಯ ಷೇರು ಮೊದಲ ದಿನವೇ ಎರಡರಷ್ಟಕ್ಕಿಂತ ಮೇಲೆ ಹೋಯಿತು. ಮಾರುವವರು ಅಲ್ಲಿ ಕಡಿಮೆ ಕೇಳಿದ್ದರು. ಅದೇ ಸರ್ಕಾರ 2022ರ ಮೇ ತಿಂಗಳಲ್ಲಿ ಎಲ್‌ಐಸಿಯ ಶೇ 3.5ರಷ್ಟು ಪಾಲು ಮಾರಿತು. ಉಕ್ರೇನ್ ಯುದ್ಧದ ನಡುವೆ ಗಾತ್ರ ಇಳಿಸಿದ್ದರು. ಪಾಲಿಸಿದಾರರಿಗೆ 60 ರೂಪಾಯಿ, ಸಣ್ಣ ಹೂಡಿಕೆದಾರರಿಗೆ 45 ರೂಪಾಯಿ ರಿಯಾಯಿತಿ ಕೊಟ್ಟಿದ್ದರು. ಆದರೂ 949ರ ಷೇರು ಮೇ 17ರಂದು 867ರಲ್ಲಿ ಶುರುವಾಗಿ 875ರಲ್ಲಿ ಮುಗಿಯಿತು. ನಮ್ಮ ಊರುಗಳ ಎಷ್ಟೋ ಹಿರಿಯರು ಬದುಕಿನಲ್ಲಿ ಕೊಂಡ ಮೊದಲ ಷೇರು ಅದು. ಎಲ್‌ಐಸಿ ಏಜೆಂಟರ ಮಾತು ನಂಬಿ, ಪಾಲಿಸಿಗೆ ಪ್ಯಾನ್ ಜೋಡಿಸಿ, ಡಿಮ್ಯಾಟ್ ಮಾಡಿಸಿ ಕೊಂಡವರು. ಎಲ್‌ಐಸಿ ಮೇಲಿನ ನಂಬಿಕೆಗೂ ಎಲ್‌ಐಸಿ ಷೇರಿನ ಬೆಲೆಗೂ ಸಂಬಂಧ ಕಡಿಮೆ ಅಂತ ಅವರಿಗೆ ಯಾರಾದರೂ ಮೊದಲೇ ಹೇಳಬೇಕಿತ್ತು. ಅದು ನೆನಪಾದಾಗ ಈಗಲೂ ಬೇಸರವಾಗುತ್ತದೆ.

ಪ್ರೀತಿಯ ಹೆಸರು ಬೇರೆ, ಷೇರು ಬೇರೆ ಅನ್ನುವುದಕ್ಕೆ ನಮ್ಮಲ್ಲೇ ಇನ್ನೊಂದು ಉದಾಹರಣೆ ಇದೆ. ಕಾಫಿ ಡೇ ಎಂಟರ್‌ಪ್ರೈಸಸ್. ಚಿಕ್ಕಮಗಳೂರಿನ ಕಾಫಿಯನ್ನು ದೇಶದ ಮೂಲೆಮೂಲೆಗೆ ಒಯ್ದ ಕಂಪನಿ. 2015ರ ಅಕ್ಟೋಬರ್‌ನಲ್ಲಿ 1,150 ಕೋಟಿಯ ಐಪಿಒ ತಂದಿತು. ಬೆಲೆ 328 ರೂಪಾಯಿ. ನಂದನ್ ನಿಲೇಕಣಿ, ಷೇರು ಹೂಡಿಕೆಗೆ ಹೆಸರಾದ ರಾಕೇಶ್ ಝುಂಝುನ್‌ವಾಲಾ ಅಂಥವರು ಅದಕ್ಕೂ ಮೊದಲೇ ಹಣ ಹಾಕಿದ್ದರು. ಆದರೂ ನವೆಂಬರ್ 2ರಂದು ಲಿಸ್ಟ್ ಆದ ದಿನವೇ ಷೇರು ಸುಮಾರು ಶೇ 18ರಷ್ಟು ಬಿತ್ತು.

ಆಫರ್ ದಾಖಲೆ ತೆರೆದು ನೋಡಿದವರಿಗೆ ಅಚ್ಚರಿಯಾಗುವಂಥದ್ದೇನೂ ಇರಲಿಲ್ಲ. ಸಂಗ್ರಹಿಸಿದ ಹಣದಲ್ಲಿ ಅರ್ಧಕ್ಕಿಂತ ಹೆಚ್ಚು ಸಾಲ ತೀರಿಸುವುದಕ್ಕೆ ಮೀಸಲು. ಕಂಪನಿ ನಷ್ಟದಲ್ಲಿತ್ತು. ಒಂದೇ ಸೂರಿನಡಿ ಕಾಫಿ ಅಂಗಡಿ, ಐಟಿ ಪಾರ್ಕ್, ಸರಕು ಸಾಗಣೆ, ರೆಸಾರ್ಟ್, ಐಟಿ ಕಂಪನಿ ಮೈಂಡ್‌ಟ್ರೀಯ ಷೇರು ಎಲ್ಲವೂ ಇದ್ದವು. ಕಾಫಿಗೆ ಅಂತ ಹಣ ಹಾಕಲು ಬಂದವರು ಉಳಿದದ್ದಕ್ಕೂ ಬೆಲೆ ಕಟ್ಟಬೇಕಾಯಿತು. ಹೀಗೆ ಬೇರೆ ಬೇರೆ ವ್ಯವಹಾರ ಒಟ್ಟಿಗಿದ್ದಾಗ ಪೇಟೆ ಪೂರ್ತಿ ಬೆಲೆ ಕೊಡುವುದಿಲ್ಲ, ಕಡಿತ ಮಾಡಿಯೇ ಲೆಕ್ಕ ಹಾಕುತ್ತದೆ. ಸಾಲ ತೀರಿಸಲು ಬರುವ ಐಪಿಒಗಳೆಲ್ಲ ಕೆಟ್ಟವಲ್ಲ, ಬಡ್ಡಿ ಉಳಿದರೆ ಲಾಭ ಏರುತ್ತದೆ. ಆದರೆ ತೀರಿಸಿದ ಮೇಲೂ ಎಷ್ಟು ಸಾಲ ಉಳಿಯುತ್ತದೆ ಅನ್ನುವ ಪ್ರಶ್ನೆ ಕೇಳದೆ ಮುಂದೆ ಹೋಗಬಾರದು. ಆ ಕಂಪನಿಯ ಸಾಲದ ಹೊರೆ ಎಷ್ಟು ಭಾರದ್ದಾಗಿತ್ತು ಅನ್ನುವುದು 2019ರಲ್ಲಿ ಇಡೀ ಕರ್ನಾಟಕಕ್ಕೆ ತಿಳಿಯಿತು.

ಕೆಲವು ಸಲ ಕಾರಣ ಬರೀ ಯಂತ್ರದ್ದೂ ಆಗಿರುತ್ತದೆ. 2012ರ ಮೇ 18ರಂದು ಫೇಸ್‌ಬುಕ್ ಅಮೆರಿಕದ ಷೇರು ವಿನಿಮಯ ಕೇಂದ್ರ ನಾಸ್ಡಾಕ್‌ನಲ್ಲಿ ಲಿಸ್ಟ್ ಆದಾಗ ವ್ಯವಸ್ಥೆ ಕೈಕೊಟ್ಟು ವಹಿವಾಟು ಸುಮಾರು ಅರ್ಧ ಗಂಟೆ ತಡವಾಯಿತು. ತಮ್ಮ ಆರ್ಡರ್ ಆಯಿತೋ ಇಲ್ಲವೋ ಅಂತ ಗೊತ್ತಾಗದೆ ಜನ ಒದ್ದಾಡಿದರು. ಅದಕ್ಕಾಗಿ ನಾಸ್ಡಾಕ್ ಮುಂದೆ 1 ಕೋಟಿ ಡಾಲರ್ ದಂಡ ಕಟ್ಟಿತು. 38 ಡಾಲರ್‌ನ ಷೇರು ಆ ದಿನ ಹೇಗೋ 38.23ರಲ್ಲಿ ಮುಗಿದರೂ ಸೆಪ್ಟೆಂಬರ್‌ಗೆ 18ಕ್ಕಿಂತ ಕೆಳಗಿಳಿದಿತ್ತು. ಯಂತ್ರವನ್ನು ಬೈದವರು ಬಹಳ. ಆದರೆ ಅಲ್ಲೂ ಕೊನೆಯ ವಾರದಲ್ಲಿ ಬ್ಯಾಂಡ್ ಏರಿಸಿದ್ದರು, ಮಾರುವ ಷೇರಿನ ಸಂಖ್ಯೆಯನ್ನೂ ಕಾಲು ಭಾಗ ಹೆಚ್ಚಿಸಿದ್ದರು. ಪೇಟಿಎಂನಲ್ಲಿ ಕಂಡದ್ದೇ ಅಲ್ಲಿಯೂ ಕಾಣುತ್ತದೆ. ಅದೇ ವರ್ಷ ಮಾರ್ಚ್‌ನಲ್ಲಿ ಬ್ಯಾಟ್ಸ್ ಅನ್ನುವ ಷೇರು ವಿನಿಮಯ ಕೇಂದ್ರ ತನ್ನದೇ ಷೇರನ್ನು ತನ್ನದೇ ವ್ಯವಸ್ಥೆಯಲ್ಲಿ ಲಿಸ್ಟ್ ಮಾಡಹೊರಟು, ಸಾಫ್ಟ್‌ವೇರ್ ದೋಷದಿಂದ 16 ಡಾಲರ್‌ನ ಷೇರು ಒಂದು ಸೆಂಟಿಗಿಂತ ಕೆಳಗೆ ಹೋಗಿ, ಆ ದಿನವೇ ಐಪಿಒ ವಾಪಸ್ ತೆಗೆದುಕೊಂಡಿತು. ಇಂಥವು ಅಪರೂಪ.

ಮೊದಲ ದಿನ ಬಿದ್ದರೆ ಕಂಪನಿಯೇ ಸೋತಂತೆ ಅಲ್ಲ ಅನ್ನುವುದನ್ನೂ ಹೇಳಬೇಕು. ಬೆಂಗಳೂರಿನ ಎರಡು ಎಲೆಕ್ಟ್ರಿಕ್ ಸ್ಕೂಟರ್ ಕಂಪನಿಗಳನ್ನು ಅಕ್ಕಪಕ್ಕ ಇಟ್ಟು ನೋಡಿ. ಓಲಾ ಎಲೆಕ್ಟ್ರಿಕ್ 2024ರ ಆಗಸ್ಟ್ 9ರಂದು 76 ರೂಪಾಯಿಗೆ ಬಂದು ಮೊದಲ ದಿನವೇ ಶೇ 20 ಏರಿತು. ಎರಡೇ ವಾರದೊಳಗೆ 157 ಮುಟ್ಟಿತು. ಆ ವರ್ಷ ಮುಗಿಯುವ ಮೊದಲೇ 76ಕ್ಕಿಂತ ಕೆಳಗೆ ಬಂದಿತ್ತು. ಏಥರ್ ಎನರ್ಜಿ 2025ರ ಮೇ ತಿಂಗಳಲ್ಲಿ 321 ರೂಪಾಯಿಗೆ ಬಂತು. ಗಾತ್ರವನ್ನೂ ಬೆಲೆಯನ್ನೂ ತಗ್ಗಿಸಿಕೊಂಡೇ ಬಂದಿತ್ತು, ಆದರೂ ಅರ್ಜಿ ಒಂದೂವರೆ ಪಟ್ಟೂ ಇರಲಿಲ್ಲ. ಮೊದಲ ದಿನದ ಕೊನೆಗೆ ಷೇರು ವಿತರಣಾ ಬೆಲೆಗಿಂತ ಕೆಳಗಿತ್ತು. ಅದೇ ವರ್ಷ ಅದು ಕೊಟ್ಟ ಬೆಲೆಯ ಎರಡರಷ್ಟಕ್ಕಿಂತ ಮೇಲೆ ಹೋಯಿತು. ಹ್ಯುಂಡೈ ಕೂಡ 2025ರ ಜುಲೈ ಹೊತ್ತಿಗೆ 1,960 ದಾಟಿತ್ತು. ಇನ್ನೂ ಹಿಂದಕ್ಕೆ ಹೋದರೆ, 1993ರ ಫೆಬ್ರುವರಿಯಲ್ಲಿ ಇನ್ಫೋಸಿಸ್ 95 ರೂಪಾಯಿಗೆ ಷೇರು ಕೊಟ್ಟಾಗ ಪೂರ್ತಿ ಕೊಳ್ಳುವವರೇ ಇರಲಿಲ್ಲ. ಅಮೆರಿಕದ ಹಣಕಾಸು ಸಂಸ್ಥೆ ಮಾರ್ಗನ್ ಸ್ಟಾನ್ಲಿ ಶೇ 13ರಷ್ಟು ಪಾಲು ಅದೇ ಬೆಲೆಗೆ ಕೊಂಡು ಐಪಿಒ ಉಳಿಸಿತು. ಜೂನ್‌ನಲ್ಲಿ ಲಿಸ್ಟ್ ಆದಾಗ ಬೆಲೆ 145. ಸಾಫ್ಟ್‌ವೇರ್ ಅಂದರೆ ಏನು ವ್ಯಾಪಾರ ಅಂತ ಆಗ ಜನಕ್ಕೆ ಅರ್ಥವಾಗಿರಲಿಲ್ಲ. ಅರ್ಥವಾಗದ ಕಂಪನಿಗೆ ಹಣ ಹಾಕದೆ ಇದ್ದವರನ್ನು ನಾನು ತಪ್ಪು ಅನ್ನುವುದಿಲ್ಲ.

ಗ್ರೇ ಮಾರ್ಕೆಟ್ ಪ್ರೀಮಿಯಂ, ಅಂದರೆ ಲಿಸ್ಟ್ ಆಗುವ ಮೊದಲೇ ಪೇಟೆಯ ಹೊರಗೆ ಐಪಿಒ ಬೆಲೆಯ ಮೇಲೆ ಹೇಳುವ ಹೆಚ್ಚುವರಿ ಬೆಲೆಯ ಬಗ್ಗೆ ಪ್ರಶ್ನೆ ಬಂತು. ಅದು ಸೆಬಿಯ ಕಣ್ಣಿಗೆ ಹೊರಗಿನ, ಬಾಯಿ ಮಾತಿನ ವ್ಯವಹಾರ. ಯಾರು, ಎಷ್ಟು ಷೇರಿಗೆ ಆ ಬೆಲೆ ಹೇಳಿದರು ಅಂತ ಪರೀಕ್ಷಿಸುವ ದಾರಿ ಇಲ್ಲ. ವಾಟ್ಸ್ಯಾಪ್‌ನಲ್ಲಿ ಬಂದ ಆ ಅಂಕಿ ನೋಡಿ ನಿಮ್ಮ ದುಡ್ಡು ಹಾಕಬೇಡಿ ಅಂತ ಕೈಮುಗಿದು ಕೇಳುತ್ತೇನೆ.

ಕೊನೆಯ ಪ್ರಶ್ನೆ ಕೇಳಿದ ಹುಡುಗಿ ಕಾಲೇಜು ವಿದ್ಯಾರ್ಥಿನಿ. 'ಮೊದಲ ದಿನ ಬಿದ್ದ ಷೇರನ್ನು ಆಮೇಲೆ ಕೊಳ್ಳಬಹುದಾ? ಯಾವಾಗ?' ಒಳ್ಳೆಯ ಪ್ರಶ್ನೆ. ಕೊಳ್ಳಬಹುದು, ಆದರೆ ಮೊದಲು ಕೆಲವು ದಿನಾಂಕ ಬರೆದಿಟ್ಟುಕೊಳ್ಳಿ. ಐಪಿಒಗೆ ಮುಂಚೆ ದೊಡ್ಡ ಮೊತ್ತ ಹಾಕುವ ಆಂಕರ್ ಹೂಡಿಕೆದಾರರು ತಮಗೆ ಬಂದ ಷೇರಲ್ಲಿ ಅರ್ಧವನ್ನು 30 ದಿನ, ಉಳಿದರ್ಧವನ್ನು 90 ದಿನ ಮಾರುವಂತಿಲ್ಲ. ಪ್ರವರ್ತಕರಲ್ಲದ, ಅಂದರೆ ಕಂಪನಿಯ ಹಿಡಿತ ಕೈಯಲ್ಲಿಲ್ಲದ ಹಳೆಯ ಹೂಡಿಕೆದಾರರಿಗೆ ಸಾಮಾನ್ಯವಾಗಿ ಆರು ತಿಂಗಳ ತಡೆ. ಆ ಗಡುವು ಮುಗಿದ ದಿನ ಮಾರಾಟ ಹೆಚ್ಚಾಗಬಹುದು. ಜೊಮ್ಯಾಟೊಗೆ ಹಳೆಯ ನಿಯಮದಂತೆ ಒಂದು ವರ್ಷದ ತಡೆ ಇತ್ತು. ಅದು ಮುಗಿದ ಕೂಡಲೇ, 2022ರ ಜುಲೈ 25ರಂದು, ಷೇರು ಒಂದೇ ದಿನ ಶೇ 11ರಷ್ಟು ಬಿತ್ತು. ಮೊದಲ ದಿನ ಮೆರೆದ ಷೇರೇ ಅದು.

ಈ ತಡೆಯ ವಿವರ, ಮಾರುವ ಹಳಬರು ಒಂದೊಂದು ಷೇರನ್ನು ಸರಾಸರಿ ಎಷ್ಟಕ್ಕೆ ಪಡೆದಿದ್ದರು ಅನ್ನುವ ಲೆಕ್ಕ, ಹಣ ಎಲ್ಲಿಗೆ ಹೋಗುತ್ತದೆ ಅನ್ನುವುದು, ಈ ಬೆಲೆ ಯಾಕೆ ಸರಿ ಅಂತ ಕಂಪನಿ ಕೊಡುವ ಸಮರ್ಥನೆ, ಎಲ್ಲವೂ ರೆಡ್ ಹೆರಿಂಗ್ ಪ್ರಾಸ್ಪೆಕ್ಟಸ್ ಅನ್ನುವ ಐಪಿಒ ದಾಖಲೆಯಲ್ಲಿ ಇರುತ್ತದೆ. ಸೆಬಿ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ನಾನೂರು, ಐನೂರು ಪುಟ ಅಂತ ಹೆದರಬೇಡಿ. ಮೊದಲು ಹಣದ ಬಳಕೆಯ ಅಧ್ಯಾಯ ಓದಿ, ಆಮೇಲೆ ಬೆಲೆಯ ಸಮರ್ಥನೆಯ ಅಧ್ಯಾಯ. ಅದೇ ವ್ಯಾಪಾರದ ಬೇರೆ ಕಂಪನಿಗಳ ಜೊತೆ ಹೋಲಿಸಿದ ಪಟ್ಟಿ ಅಲ್ಲೇ ಇರುತ್ತದೆ. ಹೋಲಿಕೆಗೆ ಯಾವ ಕಂಪನಿಗಳನ್ನು ತೆಗೆದುಕೊಂಡಿದ್ದಾರೆ, ಯಾವುದನ್ನು ಬಿಟ್ಟಿದ್ದಾರೆ ಅಂತ ನೋಡಿ. ಒಂದು ಸಂಜೆ ಕೂತರೆ ಇಷ್ಟು ಓದಿ ಮುಗಿಸಬಹುದು.